ಎಂಜಿನ್‌ಗಾಗಿ ಕಾದ ವಿಮಾನ: ಬೆಂಗಳೂರಿಗೆ ಬಂದ ಕರ್ಟ್ ಟ್ಯಾಂಕ್ ಕಥೆ

ಕಬ್ಬನ್ ಪಾರ್ಕ್ ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡದೆ ಇರೋ ಬೆಂಗಳೂರು ಹುಡುಗರು ಕಡಿಮೆ. ಸ್ಕೂಲಲ್ಲಿದ್ದಾಗ ಸಾಲಾಗಿ ಕರ್ಕೊಂಡು ಹೋಗಿರ್ತಾರೆ, ನಾವು ಡೈನೋಸಾರ್ ನೋಡಿ ಕಿರುಚಿ ವಾಪಸ್ ಬಂದಿರ್ತೀವಿ. ಕಾಲೇಜು ಸೇರಿದ ಮೇಲೆ ಒಂದು ಭಾನುವಾರ ನಾವು ನಾಲ್ಕು ಜನ ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಮತ್ತೆ ಅಲ್ಲಿಗೆ ಹೋದೆವು. ಅಲ್ಲಿ ಒಂದು ಯುದ್ಧವಿಮಾನ ಇದೆ. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ. ಅದರ ಮುಂದೆ ಸೆಲ್ಫಿ ತೆಗೆದುಕೊಂಡ ನಮ್ಮಲ್ಲಿ ಒಬ್ಬನಿಗೂ ಅದು ಯಾವ ವಿಮಾನ ಅಂತ ಗೊತ್ತಿರಲಿಲ್ಲ. ಬೋರ್ಡ್ ಓದಿದ ಮೇಲೆ ಗೊತ್ತಾಯ್ತು: ಎಚ್‌ಎಫ್-24, ಮಾರುತ. ಭಾರತದಲ್ಲೇ ವಿನ್ಯಾಸಗೊಂಡು, ನಮ್ಮ ಬೆಂಗಳೂರಿನಲ್ಲೇ ತಯಾರಾದ ಮೊದಲ ಜೆಟ್ ಯುದ್ಧವಿಮಾನ.

ಮಾರುತ ಅಂದ್ರೆ ಗಾಳಿ. ಜಯನಗರದ ರಾಗಿಗುಡ್ಡದಲ್ಲಿ ನಿಂತಿರೋ ಮಾರುತಿಯ ಅಪ್ಪ. ಈ ಅಪ್ಪನ ಅಪ್ಪ ಯಾರು ಅಂತ ಹುಡುಕಿದಾಗ ಸಿಕ್ಕ ಹೆಸರು ಕರ್ಟ್ ಟ್ಯಾಂಕ್. ಹೆಸರು ಟ್ಯಾಂಕ್, ಮಾಡಿದ್ದು ವಿಮಾನ! ನಗು ಬಂತು. ಆದರೆ ಆ ಮನುಷ್ಯನ ಬದುಕು ಓದುತ್ತಾ ಹೋದಂತೆ ನಗು ನಿಂತಿತು. ಅಟ್ಲಾಂಟಿಕ್ ಸಾಗರದಲ್ಲಿ ಬ್ರಿಟಿಷರು ಒಂದು ಹೊಸ ಬಗೆಯ ವಿಮಾನವಾಹಕ ನೌಕೆ ಕಟ್ಟಲು ಕಾರಣವಾದ ವ್ಯಕ್ತಿ, ನಮ್ಮ ಎಚ್‌ಎಎಲ್‌ನಲ್ಲಿ ಹನ್ನೊಂದು ವರ್ಷ ಕೂತು ಡ್ರಾಯಿಂಗ್ ಹಾಕಿದ ವ್ಯಕ್ತಿ ಒಬ್ಬರೇ ಅಂದ್ರೆ ನಂಬ್ತೀರಾ?

ಕುದುರೆ ಸವಾರ

ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರವರಿ 24ರಂದು, ಆಗಿನ ಜರ್ಮನಿಯ ಬ್ರೋಂಬರ್ಗ್‌ನಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ, ಹೆಸರು ಬಿಡ್ಗೋಶ್. ಮನೆತನದಲ್ಲಿ ಸೈನಿಕರೇ ಜಾಸ್ತಿ. ಮೊದಲ ಮಹಾಯುದ್ಧ ಬಂದಾಗ ಹುಡುಗನಿಗೆ ವಿಮಾನ ಹಾರಿಸುವ ಆಸೆ, ಅಪ್ಪನಿಗೆ ಮಗ ಅಶ್ವದಳ ಸೇರಬೇಕೆಂಬ ಹಠ. ಅಪ್ಪಂದಿರ ಹಠ ಗೆಲ್ಲೋದು ಎಲ್ಲ ದೇಶದಲ್ಲೂ ಒಂದೇ ಥರ. ಟ್ಯಾಂಕ್ ಕುದುರೆ ಏರಿ ಯುದ್ಧ ಮಾಡಿದರು.

ಯುದ್ಧ ಮುಗಿದ ಮೇಲೆ ಬರ್ಲಿನ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೇರಿದರು. ಹೌದು, ಏರೋನಾಟಿಕಲ್ ಅಲ್ಲ, ಎಲೆಕ್ಟ್ರಿಕಲ್. ಬ್ರಾಂಚ್ ಬೇರೆ, ಮನಸ್ಸು ಬೇರೆ ಇರುವ ನಮ್ಮ ಅರ್ಧ ಕ್ಲಾಸಿಗೆ ಇದು ಸಮಾಧಾನದ ಸುದ್ದಿ. ಗೆಳೆಯರ ಜೊತೆ ಸೇರಿ ಕಾಲೇಜಿನಲ್ಲಿ ಒಂದು ಗ್ಲೈಡರ್ ಕ್ಲಬ್ ಶುರು ಮಾಡಿದರು. ಎಂಜಿನ್ ಇಲ್ಲದ ವಿಮಾನಗಳನ್ನು ಕೈಯಾರೆ ಕಟ್ಟಿ ಹಾರಿಸಿದರು. ಈ ಗ್ಲೈಡರ್ ವಿಷಯ ನೆನಪಿಟ್ಟುಕೊಳ್ಳಿ, ಬೆಂಗಳೂರಿನಲ್ಲಿ ಮತ್ತೆ ಬರುತ್ತೆ.

1924ರಲ್ಲಿ ರೋರ್‌ಬಾಖ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನೀರಿನ ಮೇಲೆ ಇಳಿಯುವ ಲೋಹದ ವಿಮಾನಗಳ ವಿನ್ಯಾಸ. 1931ರಲ್ಲಿ ಬ್ರೆಮೆನ್ ನಗರದ ಫೋಕೆ-ವುಲ್ಫ್ ಕಂಪನಿಗೆ ಬಂದು ವಿನ್ಯಾಸ ವಿಭಾಗ, ಪರೀಕ್ಷಾ ಹಾರಾಟ ಎರಡರ ಹೊಣೆಯನ್ನೂ ಹೊತ್ತರು. ಟ್ಯಾಂಕ್ ಬರೀ ಡ್ರಾಯಿಂಗ್ ಬೋರ್ಡಿನ ಎಂಜಿನಿಯರ್ ಅಲ್ಲ. ತಾವು ಗೆರೆ ಎಳೆದ ವಿಮಾನವನ್ನು ತಾವೇ ಹಾರಿಸುತ್ತಿದ್ದರು. ಕ್ಯಾಲ್ಕುಲೇಷನ್ ತಪ್ಪಾದರೆ ಮಾರ್ಕ್ಸ್ ಅಲ್ಲ, ಜೀವ ಹೋಗುವ ಪರೀಕ್ಷೆ ಅದು.

ಪ್ರಯಾಣಿಕರ ವಿಮಾನ ಯುದ್ಧಕ್ಕೆ ಹೋಯಿತು

1937ರ ಜುಲೈ 27ರಂದು ಟ್ಯಾಂಕ್ ತಮ್ಮ ಹೊಸ ವಿಮಾನವನ್ನು ಸ್ವತಃ ಮೇಲೇರಿಸಿದರು. ನಾಲ್ಕು ಎಂಜಿನ್, ಇಪ್ಪತ್ತಾರು ಪ್ರಯಾಣಿಕರು. ಹೆಸರು ಎಫ್‌ಡಬ್ಲ್ಯು-200, ಕಾಂಡೋರ್. ಮರುವರ್ಷ ಆಗಸ್ಟ್‌ನಲ್ಲಿ ಅದು ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲೂ ನಿಲ್ಲದೆ 25 ಗಂಟೆಯೊಳಗೆ ಹಾರಿತು. ಆಮೇಲೆ ಟೋಕಿಯೋಗೂ ಹೋಯಿತು. ಅಲ್ಲಿ ಅದನ್ನು ನೋಡಿದ ಜಪಾನಿನ ನೌಕಾಪಡೆ, ಸಮುದ್ರದ ಮೇಲೆ ದೂರದವರೆಗೆ ಕಣ್ಣಿಡಲು ಇಂಥದ್ದೇ ಒಂದು ಬೇಕು ಎಂದು ಕೇಳಿತು. ಅದಕ್ಕಾಗಿ ಸಿದ್ಧವಾದ ಮಾದರಿಯೇ ಮುಂದೆ ಜರ್ಮನಿಯ ಕೈಗೆ ಆಯುಧವಾಯಿತು.

1940ರಲ್ಲಿ ಫ್ರಾನ್ಸ್ ಸೋತ ಮೇಲೆ ಕಾಂಡೋರ್‌ಗಳು ಬೋರ್ಡೋ ನಗರದ ಬಳಿಯಿಂದ ಹೊರಟು ಅಟ್ಲಾಂಟಿಕ್ ಮೇಲೆ ಗಂಟೆಗಟ್ಟಲೆ ಸುತ್ತತೊಡಗಿದವು. ಬ್ರಿಟನ್ನಿಗೆ ಆಹಾರ, ಎಣ್ಣೆ, ಮದ್ದುಗುಂಡು ಬರುತ್ತಿದ್ದುದು ಹಡಗುಗಳ ಗುಂಪುಗಳಲ್ಲಿ. ಕಾಂಡೋರ್ ಆ ಗುಂಪನ್ನು ಪತ್ತೆ ಹಚ್ಚಿ, ತಾನೂ ಬಾಂಬ್ ಹಾಕುತ್ತಿತ್ತು, ಜಲಾಂತರ್ಗಾಮಿಗಳಿಗೂ ಸುಳಿವು ಕೊಡುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಎಂಪ್ರೆಸ್ ಆಫ್ ಬ್ರಿಟನ್ ಎಂಬ 42,000 ಟನ್‌ನ ದೊಡ್ಡ ಹಡಗಿಗೆ ಬೆಂಕಿ ಹಚ್ಚಿದ್ದು ಒಂದು ಕಾಂಡೋರ್. ಎರಡು ದಿನದ ನಂತರ ಜಲಾಂತರ್ಗಾಮಿಯೊಂದು ಅದನ್ನು ಮುಳುಗಿಸಿತು. ದಡದಿಂದ ಹಾರುವ ಬ್ರಿಟಿಷ್ ಯುದ್ಧವಿಮಾನಗಳು ಅಷ್ಟು ದೂರ ಬರಲಾರವು. ನಡುಸಮುದ್ರದಲ್ಲಿ ಕಾಂಡೋರ್‌ಗೆ ಕೇಳೋರೇ ಇರಲಿಲ್ಲ.

ಇಲ್ಲೇ ನಮ್ಮ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪಾಠ ಕೂಡ ಇದೆ. ಕಾಂಡೋರ್ ಮೂಲತಃ ಪ್ರಯಾಣಿಕರ ವಿಮಾನ. ಎತ್ತರದಲ್ಲಿ ನಿಧಾನವಾಗಿ, ನೆಟ್ಟಗೆ ಹಾರಲಿ ಅಂತ ಲೆಕ್ಕ ಹಾಕಿ ಕಟ್ಟಿದ್ದು. ಅದಕ್ಕೆ ಬಾಂಬು, ಬಂದೂಕು, ಹೆಚ್ಚುವರಿ ಇಂಧನ ಹೇರಿ, ಅಲೆಗಳ ಮೇಲೆ ತಗ್ಗಿನಲ್ಲಿ ಹಾರಿಸಿ ಎಳೆದಾಡಿದಾಗ ಚೌಕಟ್ಟು ತಡೆಯಲಿಲ್ಲ. ಎಷ್ಟೋ ಕಾಂಡೋರ್‌ಗಳು ರನ್‌ವೇ ಮೇಲೆ ಇಳಿಯುವಾಗ ಬೆನ್ನು ಮುರಿದುಕೊಂಡವು. ಯಾವ ಲೋಡ್‌ಗೆ ಡಿಸೈನ್ ಮಾಡಿದ್ದೀರೋ ಆ ಲೋಡೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಹ್ಯಾಂಗರ್ ಇಲ್ಲದ ಯುದ್ಧನೌಕೆ

ಬ್ರಿಟಿಷರು ಮೊದಲು ಒಂದು ಹತಾಶ ಉಪಾಯ ಮಾಡಿದರು. ಸರಕು ಹಡಗಿನ ಮೂತಿಗೆ ಒಂದು ಕವಣೆ, ಅಂದ್ರೆ ಕ್ಯಾಟಪಲ್ಟ್ ಕೂರಿಸಿ, ರಾಕೆಟ್ ಬಲದಿಂದ ಒಂದು ಹರಿಕೇನ್ ವಿಮಾನವನ್ನು ಎಸೆಯುವುದು. ಕಾಂಡೋರ್ ಓಡಿಸಿದ ಮೇಲೆ? ವಾಪಸ್ ಇಳಿಯಲು ಜಾಗವಿಲ್ಲ. ಪೈಲಟ್ ಸಮುದ್ರಕ್ಕೆ ಬಿದ್ದು, ಯಾರಾದರೂ ಎತ್ತಿಕೊಳ್ಳಲಿ ಎಂದು ಕಾಯಬೇಕು.

ಆಮೇಲೆ ಬಂದದ್ದು ಉತ್ತಮ ಉತ್ತರ. ಜರ್ಮನರಿಂದಲೇ ವಶಪಡಿಸಿಕೊಂಡಿದ್ದ ಹ್ಯಾನೋವರ್ ಎಂಬ ಸರಕು ಹಡಗಿನ ಮೇಲಿನ ಕಟ್ಟಡವನ್ನೆಲ್ಲ ಕತ್ತರಿಸಿ ತೆಗೆದು, ಸುಮಾರು 140 ಮೀಟರ್ ಉದ್ದದ ಚಪ್ಪಟೆ ಡೆಕ್ ಹಾಕಿದರು. 1941ರಲ್ಲಿ ಅದು ಎಚ್‌ಎಂಎಸ್ ಅಡಾಸಿಟಿ ಆಯಿತು: ಹಡಗು ಗುಂಪುಗಳಿಗೆ ಬೆಂಗಾವಲು ಹೋಗುವ ಸಣ್ಣ ವಿಮಾನವಾಹಕ ನೌಕೆಗಳಲ್ಲಿ ಬ್ರಿಟನ್ನಿನ ಮೊದಲನೆಯದು. ಹ್ಯಾಂಗರ್ ಇಲ್ಲ, ಲಿಫ್ಟ್ ಇಲ್ಲ. ಮಾರ್ಟ್ಲೆಟ್ ಎಂಬ ಪುಟ್ಟ ಯುದ್ಧವಿಮಾನಗಳು ಮಳೆ ಬರಲಿ, ಅಲೆ ಬರಲಿ, ಡೆಕ್ ಮೇಲೇ ಕಟ್ಟಿಕೊಂಡು ನಿಲ್ಲಬೇಕು. ರಿಪೇರಿಯೂ ಅಲ್ಲೇ, ಬಯಲಿನಲ್ಲೇ.

ಇಷ್ಟು ಚಿಕ್ಕ ಡೆಕ್‌ನಿಂದ ವಿಮಾನ ಏಳೋದು ಹೇಗೆ? ಲೆಕ್ಕ ಸುಲಭ. ರೆಕ್ಕೆಗೆ ಬೇಕಾದ್ದು ನೆಲದ ವೇಗ ಅಲ್ಲ, ಗಾಳಿಯ ವೇಗ. ಒಂದು ವಿಮಾನಕ್ಕೆ ಮೇಲೇಳಲು ಗಂಟೆಗೆ 130 ಕಿ.ಮೀ. ಬೇಕು ಅಂತಿಟ್ಟುಕೊಳ್ಳಿ. ಹಡಗು ಗಾಳಿಗೆ ಎದುರಾಗಿ ತಿರುಗಿತು, ಗಾಳಿ 30, ಹಡಗಿನ ಓಟ 25. ವಿಮಾನ ನಿಂತಲ್ಲೇ 55 ಕಿ.ಮೀ. ವೇಗದ ಗಾಳಿ ಪುಕ್ಕಟೆ ಸಿಕ್ಕಿತು. ಉಳಿದ 75 ಓಡಿ ಸಂಪಾದಿಸಿದರೆ ಸಾಕು. ಅಂದ್ರೆ ವಿಮಾನವಾಹಕ ನೌಕೆಯಲ್ಲಿ ಹಡಗಿನ ಎಂಜಿನ್ ಕೂಡ ವಿಮಾನದ ಎಂಜಿನ್ನೇ. ಈ ಮಾತು ಮುಂದೆ ಬೇಕಾಗುತ್ತೆ.

ಅಡಾಸಿಟಿಯ ಪೈಲಟ್‌ಗಳು ಕಾಂಡೋರ್‌ಗಳನ್ನು ಒಂದೊಂದಾಗಿ ಬೀಳಿಸತೊಡಗಿದರು. ಎರಿಕ್ ಬ್ರೌನ್ ಎಂಬ ಯುವಕ ಎದುರಿನಿಂದಲೇ ನುಗ್ಗಿ ಹೊಡೆಯುವ ದಾರಿ ಹಿಡಿದು ಎರಡನ್ನು ಉರುಳಿಸಿದ. 1941ರ ಡಿಸೆಂಬರ್‌ನಲ್ಲಿ ಜಿಬ್ರಾಲ್ಟರ್‌ನಿಂದ ಹೊರಟ 32 ಸರಕು ಹಡಗುಗಳ ಗುಂಪಿಗೆ ಅಡಾಸಿಟಿ ಜೊತೆಯಾಯಿತು. ಆ ಯಾನದಲ್ಲಿ ಕಳೆದುಹೋದ ಸರಕು ಹಡಗುಗಳು ಎರಡೇ. ಆದರೆ ಡಿಸೆಂಬರ್ 21ರ ರಾತ್ರಿ ಜಲಾಂತರ್ಗಾಮಿಯೊಂದು ಅಡಾಸಿಟಿಯನ್ನೇ ಮುಳುಗಿಸಿತು. ಯುದ್ಧಸೇವೆ ಕೆಲವೇ ತಿಂಗಳು. ಅಷ್ಟರಲ್ಲೇ ಅದು ತನ್ನ ಮಾತನ್ನು ಸಾಬೀತು ಮಾಡಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಅಂಥ ಬೆಂಗಾವಲು ನೌಕೆಗಳು ನೂರಕ್ಕೂ ಹೆಚ್ಚು ಸಿದ್ಧವಾಗಿದ್ದವು.

ಬಿಟ್ಟುಹೋದ ಅಂಟು

ಇತ್ತ ಟ್ಯಾಂಕ್ ಕೈಯಲ್ಲಿ ಇನ್ನೊಂದು ವಿಮಾನ ರೂಪುಗೊಂಡಿತ್ತು. 1939ರ ಜೂನ್ 1ರಂದು ಮೊದಲು ಹಾರಿದ ಎಫ್‌ಡಬ್ಲ್ಯು-190. ಕುದುರೆ ಸವಾರನ ಅನುಭವ ಇಲ್ಲಿ ಕೆಲಸಕ್ಕೆ ಬಂತು. ರೇಸಿನ ಕುದುರೆ ಓಡೋದು ಚೆಂದ, ಆದರೆ ಕೆಸರಲ್ಲಿ, ಹಸಿವಲ್ಲಿ, ಹೊಸ ಸವಾರನ ಕೈಯಲ್ಲಿ ಅದು ನಿಲ್ಲಲ್ಲ. ಟ್ಯಾಂಕ್‌ಗೆ ಬೇಕಾಗಿದ್ದು ದಂಡಿನ ಕುದುರೆಯಂಥ ವಿಮಾನ. ಹಾಗಾಗಿ ಅಗಲಕ್ಕೆ ಚಾಚಿದ ಗಟ್ಟಿ ಚಕ್ರಗಳು, ಏಟು ತಿಂದರೂ ಓಡುವ ರೇಡಿಯಲ್ ಎಂಜಿನ್, ಬೇಗ ರಿಪೇರಿ ಮಾಡಲು ಬರುವ ಜೋಡಣೆ. ಮೊದಲ ಎಂಜಿನ್ ವಿಪರೀತ ಬಿಸಿಯಾಗಿ ಪೈಲಟ್ ಕಾಲು ಸುಡುವಷ್ಟಾಯಿತು. ಅದನ್ನು ಬಿಟ್ಟು ಇನ್ನೊಂದು ಎಂಜಿನ್‌ಗೆ ಮೂತಿಯನ್ನೇ ಮರುವಿನ್ಯಾಸ ಮಾಡಿದರು. ಆ ವಿಮಾನ 20,000ಕ್ಕೂ ಹೆಚ್ಚು ತಯಾರಾಯಿತು.

ಮೂರನೆಯದರ ಕಥೆ ಬೇರೆ. ಟಿಎ-154 ಮರದ ವಿಮಾನ. ಹಾಳೆಗಳನ್ನು ಬೆಸೆಯುತ್ತಿದ್ದ ವಿಶೇಷ ಅಂಟು ಬರುತ್ತಿದ್ದ ಕಾರ್ಖಾನೆ ಬಾಂಬ್ ದಾಳಿಯಲ್ಲಿ ನಾಶವಾಯಿತು. ಬದಲಿಗೆ ಬಳಸಿದ ಅಂಟು ಮರವನ್ನೇ ತಿಂದುಹಾಕಿತು. ವಿಮಾನಗಳು ಗಾಳಿಯಲ್ಲಿ ಬಿಚ್ಚಿಕೊಂಡವು. ಅಲ್ಲಿಗೆ ಆ ಯೋಜನೆ ಮುಗಿಯಿತು. ಡ್ರಾಯಿಂಗ್‌ನಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಬಾರದು. ಟ್ಯಾಂಕ್ ದುಡಿದದ್ದು ಹಿಟ್ಲರನ ಸರ್ಕಾರಕ್ಕೆ. ಆ ಸರ್ಕಾರ ಅವರಿಗೆ ಗೌರವ ಕೊಟ್ಟಿತು, ವಿಮಾನದ ಹೆಸರಿನ ಮುಂದೆ ಅವರ ಹೆಸರಿನ ಮೊದಲ ಅಕ್ಷರಗಳನ್ನು ಹಾಕಿತು. ಅದೇ ಕಾಲದಲ್ಲಿ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಬಲವಂತವಾಗಿ ತಂದ ಕೂಲಿಗಳೂ ಕೈದಿಗಳೂ ದುಡಿದು ಸತ್ತರು. ಒಳ್ಳೆ ಎಂಜಿನಿಯರ್ ಆಗಿರೋದು, ಯಾರಿಗಾಗಿ ಎಂಜಿನಿಯರ್ ಆಗಿದ್ದೀವಿ ಅನ್ನೋ ಪ್ರಶ್ನೆಯಿಂದ ತಪ್ಪಿಸಿಕೊಳ್ಳೋ ದಾರಿ ಅಲ್ಲ. ಅವರನ್ನು ಮೆಚ್ಚುವಾಗ ಇದನ್ನೂ ಜೊತೆಗೇ ಇಟ್ಟುಕೊಂಡು ಮೆಚ್ಚಬೇಕು.

ಯುದ್ಧ ಮುಗಿದಾಗ ಬ್ರಿಟಿಷರು ಜರ್ಮನ್ ವಿನ್ಯಾಸಕಾರರನ್ನು ಕೂರಿಸಿ ವಿಚಾರಿಸಿದರು. ಟ್ಯಾಂಕ್ ಜೊತೆ ಮಾತಾಡಿದವರಲ್ಲಿ ಒಬ್ಬರು, ಜರ್ಮನ್ ಚೆನ್ನಾಗಿ ಬಲ್ಲ ಎರಿಕ್ ಬ್ರೌನ್. ಹೌದು, ಅಡಾಸಿಟಿ ಡೆಕ್‌ನಿಂದ ಹಾರಿ ಟ್ಯಾಂಕ್‌ರ ಎರಡು ಕಾಂಡೋರ್ ಬೀಳಿಸಿದ್ದ ಅದೇ ಹುಡುಗ. ಅದೇ 1945ರ ಡಿಸೆಂಬರ್‌ನಲ್ಲಿ ಬ್ರೌನ್ ಒಂದು ಜೆಟ್ ವಿಮಾನವನ್ನು ಜಗತ್ತಿನಲ್ಲೇ ಮೊದಲ ಬಾರಿಗೆ ವಿಮಾನವಾಹಕ ನೌಕೆಯ ಮೇಲೆ ಇಳಿಸಿದರು.

ಸುಳ್ಳು ಹೆಸರಲ್ಲಿ ಅರ್ಜೆಂಟೀನಾಕ್ಕೆ

ಸೋತ ಜರ್ಮನಿಯಲ್ಲಿ ವಿಮಾನ ಕಟ್ಟುವಂತಿಲ್ಲ. ಬ್ರಿಟನ್ ಜೊತೆಗಿನ ಮಾತುಕತೆ ಫಲಿಸಲಿಲ್ಲ. 1947ರಲ್ಲಿ ಟ್ಯಾಂಕ್ ಪೆದ್ರೊ ಮಥಿಯೆಸ್ ಎಂಬ ಸುಳ್ಳು ಹೆಸರಿನ ಪಾಸ್‌ಪೋರ್ಟ್ ಹಿಡಿದು ಅರ್ಜೆಂಟೀನಾ ತಲುಪಿದರು. ತಮ್ಮ ತಂಡದವರನ್ನೂ ಕರೆಸಿಕೊಂಡರು. ಕೊರ್ಡೋಬಾದಲ್ಲಿ ಅವರು ಕಟ್ಟಿದ ಜೆಟ್ ವಿಮಾನ ಪುಲ್ಕಿ-2 1950ರಲ್ಲಿ ಹಾರಿತು. ಎಂಜಿನ್ ರೋಲ್ಸ್ ರಾಯ್ಸ್‌ನ ನೀನ್. ಪರೀಕ್ಷೆಯಲ್ಲಿ ಇಬ್ಬರು ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಟ್ಯಾಂಕ್ ಹಿಂದೆ ಸರಿಯದೆ ತಾವೂ ಹಾರಿಸಿದರು. 1955ರಲ್ಲಿ ಅಧ್ಯಕ್ಷ ಪೆರೋನ್ ಅಧಿಕಾರ ಕಳೆದುಕೊಂಡರು. ಅದರ ಜೊತೆಗೆ ಕೆಲಸವೂ ಹೋಯಿತು, ತಂಡ ಚದುರಿತು. ವಿಮಾನ ಕೆಡಲಿಲ್ಲ, ಸರ್ಕಾರ ಬಿತ್ತು.

ಎಚ್‌ಎಎಲ್‌ನಲ್ಲಿ ಹನ್ನೊಂದು ವರ್ಷ

ಆಗ ಕರೆ ಬಂದದ್ದು ಭಾರತದಿಂದ. ಶಬ್ದದ ವೇಗವನ್ನು ಮೀರುವ ಯುದ್ಧವಿಮಾನ ಇಲ್ಲೇ ಆಗಬೇಕು ಎಂಬುದು ನೆಹರೂ ಸರ್ಕಾರದ ಆಸೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಶುರು ಮಾಡಿದ್ದ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಷ್ಟರಲ್ಲಿ ಡಾ. ವಿ.ಎಂ. ಘಾಟ್ಗೆ ಅವರ ತಂಡ ಎಚ್‌ಟಿ-2 ಎಂಬ ತರಬೇತಿ ವಿಮಾನ ಮಾಡಿ ಹಾರಿಸಿತ್ತು. ಆದರೆ ಅದು ಪ್ರೊಪೆಲ್ಲರ್ ವಿಮಾನ. ಅಲ್ಲಿಂದ ಸೂಪರ್‌ಸಾನಿಕ್ ಜೆಟ್‌ಗೆ ಹಾರೋದು ಅಂದ್ರೆ ಸೈಕಲ್ ಕಲಿತವನು ನೇರವಾಗಿ ಲಾರಿ ಓಡಿಸಿದ ಹಾಗೆ.

1956ರ ಆಗಸ್ಟ್‌ನಲ್ಲಿ ಟ್ಯಾಂಕ್ ಬೆಂಗಳೂರಿಗೆ ಬಂದಿಳಿದರು. ವಯಸ್ಸು 58. ಜೊತೆಗೆ ಜರ್ಮನ್ ಎಂಜಿನಿಯರ್‌ಗಳ ಒಂದು ಸಣ್ಣ ತಂಡ. ಅವರ ಜೊತೆ ಕೂತವರು ನಮ್ಮ ಯುವ ಎಂಜಿನಿಯರ್‌ಗಳು. ಹಾರಾಟದ ಗುಣ ತಿಳಿಯಲು ಅವರು ಮೊದಲು ಮಾಡಿದ್ದೇನು ಗೊತ್ತಾ? ಬರ್ಲಿನ್ ಕಾಲೇಜಿನ ದಿನಗಳ ಹಾಗೆ, ಗ್ಲೈಡರ್! ಅಸಲಿ ಅಳತೆಯದೇ ಮರದ ವಿಮಾನ ಮಾಡಿ, ಎಂಜಿನ್ ಇಲ್ಲದೆ, ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ 1959ರಲ್ಲಿ ಮೇಲಕ್ಕೆಳೆದರು. ಎಪ್ಪತ್ತಕ್ಕೂ ಹೆಚ್ಚು ಸಲ ಅದು ಬೆಂಗಳೂರಿನ ಆಕಾಶದಲ್ಲಿ ತೇಲಿ ಇಳಿಯಿತು. ಆಮೇಲೆ 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಎಚ್‌ಎಫ್-24 ಹಾರಿಸಿದರು. ಕೆಲಸ ಶುರುವಾಗಿ ಐದು ವರ್ಷಕ್ಕೂ ಕಡಿಮೆ.

ಚೌಕಟ್ಟು ಸೊಗಸಾಗಿತ್ತು. ಆದರೆ ಎಂಜಿನ್? ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನಲ್ಲಿ ತಯಾರಾಗಬೇಕಿದ್ದ, ಆಫ್ಟರ್‌ಬರ್ನರ್ ಇರುವ ಓರ್ಫಿಯಸ್-12 ಎಂಜಿನ್‌ಗೆ. ಆ ಎಂಜಿನ್‌ನ ಅಭಿವೃದ್ಧಿ ಅರ್ಧಕ್ಕೆ ನಿಂತಿತು. ಬೇಕಿದ್ದರೆ ಖರ್ಚು ಕೊಡಿ ಎಂಬ ಪ್ರಸ್ತಾಪ ಬಂದಾಗ ನಮ್ಮ ಸರ್ಕಾರ ಒಪ್ಪಲಿಲ್ಲ. ಕೊನೆಗೆ ನ್ಯಾಟ್ ವಿಮಾನಕ್ಕಾಗಿ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಓರ್ಫಿಯಸ್ ಕುಟುಂಬದ್ದೇ ಒಂದು ಸಣ್ಣ ಎಂಜಿನ್ ಅನ್ನು ಜೋಡಿಯಾಗಿ ಕೂರಿಸಿದರು. ಒಂದೊಂದರ ಥ್ರಸ್ಟ್ ಸುಮಾರು 2,200 ಕಿಲೋ. ಶಬ್ದವನ್ನು ಮೀರಲು ಹುಟ್ಟಿದ ವಿಮಾನ ಶಬ್ದದ ಬಾಗಿಲ ಬಳಿ ನಿಂತುಬಿಟ್ಟಿತು. ಈಜಿಪ್ಟ್ ಮಾಡುತ್ತಿದ್ದ ಎಂಜಿನ್ ಸಿಗಬಹುದೆಂದು ಒಂದು ಮಾರುತವನ್ನು ಅಲ್ಲಿಗೂ ಕಳಿಸಿದೆವು. ಆ ಎಂಜಿನ್ ಯೋಜನೆಯೂ ನಿಂತಿತು.

1967ರಲ್ಲಿ ಮಾರುತ ವಾಯುಪಡೆಯ ಸ್ಕ್ವಾಡ್ರನ್ ಸೇರಿತು. ಅದೇ ವರ್ಷ ಟ್ಯಾಂಕ್ ಭಾರತ ಬಿಟ್ಟರು. ಇಲ್ಲಿ ಉಳಿದವರು ಪ್ರಯತ್ನ ಬಿಡಲಿಲ್ಲ. ಇರುವ ಎಂಜಿನ್‌ಗೇ ಆಫ್ಟರ್‌ಬರ್ನರ್ ಜೋಡಿಸಿ ನೋಡಿದರು. 1970ರ ಜನವರಿ 10ರಂದು ಆ ಮಾದರಿಯನ್ನು ಹಾರಿಸಲು ಹೊರಟ ಸುರಂಜನ್ ದಾಸ್, ಎಚ್‌ಎಎಲ್ ನಿಲ್ದಾಣದಿಂದ ಮೇಲೆದ್ದ ಕೂಡಲೇ ವಿಮಾನ ಬಿದ್ದು ತೀರಿಕೊಂಡರು. ಹಳೆ ಏರ್‌ಪೋರ್ಟ್ ಕಡೆ ಹೋಗುವಾಗ ಗೂಗಲ್ ಮ್ಯಾಪ್‌ನಲ್ಲಿ ಸುರಂಜನ್ ದಾಸ್ ರಸ್ತೆ ಅಂತ ಬರುತ್ತಲ್ಲ, ಅದು ಇವರ ಹೆಸರೇ. ನಾನು ಎಷ್ಟೋ ಸಲ ಆ ರಸ್ತೆಯ ಟ್ರಾಫಿಕ್‌ಗೆ ಬೈದಿದ್ದೇನೆ. ಈಗ ಬೈಯೋಕೆ ಬಾಯಿ ಬರಲ್ಲ.

ಒಂದೇ ಡಿಸೆಂಬರ್, ಎರಡು ಕುಂಟು ಎಂಜಿನ್

1971ರ ಡಿಸೆಂಬರ್ ಯುದ್ಧ. ಪೂರ್ವದಲ್ಲಿ ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್. ಬ್ರಿಟಿಷರು ಎರಡನೇ ಮಹಾಯುದ್ಧದ ನಡುವೆ ಹರ್ಕ್ಯುಲೀಸ್ ಎಂಬ ಹೆಸರಲ್ಲಿ ಕಟ್ಟಲು ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದ ಹಡಗು. ಭಾರತ 1957ರಲ್ಲಿ ಕೊಂಡು, ಬೆಲ್‌ಫಾಸ್ಟ್‌ನಲ್ಲಿ ಪೂರ್ತಿ ಮಾಡಿಸಿ, 1961ರ ಮಾರ್ಚ್‌ನಲ್ಲಿ ಸೇವೆಗೆ ಸೇರಿಸಿಕೊಂಡಿತ್ತು. ಯುದ್ಧದ ಹೊತ್ತಿಗೆ ಅದರ ನಾಲ್ಕು ಬಾಯ್ಲರ್‌ಗಳಲ್ಲಿ ಒಂದಕ್ಕೆ ಬಿರುಕು. ಬಾಯ್ಲರ್ ಕೈಕೊಟ್ಟರೆ ಹಡಗಿನ ಓಟ ಕಡಿಮೆ, ಓಟ ಕಡಿಮೆಯಾದರೆ ಡೆಕ್ ಮೇಲಿನ ಪುಕ್ಕಟೆ ಗಾಳಿ ಕಡಿಮೆ. ಅಡಾಸಿಟಿಯ ಲೆಕ್ಕ ನೆನಪಿದೆಯಲ್ಲ? ಆದರೂ ನೌಕೆಯ ಎಂಜಿನಿಯರ್‌ಗಳು ಅದನ್ನು ಓಡಿಸಿಯೇ ತೀರಿದರು. ಡಿಸೆಂಬರ್ 4ರಂದು ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ಎರಗಿದವು. ಸೀ ಹಾಕ್‌ನ ಎಂಜಿನ್ ಯಾವುದು ಗೊತ್ತಾ? ಟ್ಯಾಂಕ್ ಅರ್ಜೆಂಟೀನಾದಲ್ಲಿ ಬಳಸಿದ ಅದೇ ನೀನ್.

ಪಶ್ಚಿಮದಲ್ಲಿ, ರಾಜಸ್ಥಾನದ ಮರಳಿನ ಮೇಲೆ ಮಾರುತ. ಶಬ್ದವನ್ನು ಮೀರದಿದ್ದರೇನು, ತಗ್ಗಿನಲ್ಲಿ ಅಲುಗಾಡದೆ ಹಾರುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಶತ್ರುವಿನ ರೈಲು, ಟ್ಯಾಂಕು, ನೆಲೆಗಳ ಮೇಲೆ ದಾಳಿ ಮಾಡಿತು. ಏಟು ತಿಂದು ಒಂದೇ ಎಂಜಿನ್‌ನಲ್ಲಿ ವಾಪಸ್ ಬಂದ ಉದಾಹರಣೆಗಳಿವೆ. ಆಕಾಶದ ಕಾಳಗದಲ್ಲಿ ಒಂದು ಮಾರುತವೂ ಬೀಳಲಿಲ್ಲ. ದಂಡಿನ ಕುದುರೆ ಕಟ್ಟಬೇಕೆಂದು ಹೊರಟಿದ್ದ ಹಳೆ ಸವಾರ, ಹೊಸ ಕಾಲದಲ್ಲೂ ಅದನ್ನೇ ಕಟ್ಟಿದ್ದರು.

ಹಿಂಭಾಗ ನೋಡಿ

ಒಟ್ಟು 147 ಮಾರುತಗಳು ತಯಾರಾದವು. 1990ರ ಹೊತ್ತಿಗೆ ಅವು ನಿವೃತ್ತಿಯಾದವು. ಟ್ಯಾಂಕ್ 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ನಮ್ಮ ನಿಜವಾದ ನಷ್ಟ ಮಾರುತ ನಿಧಾನವಾಗಿದ್ದು ಅಲ್ಲ. ಅದರ ನಂತರ ಮುಂದಿನ ವಿಮಾನ ಶುರು ಮಾಡದೆ, ಕಲಿತ ಕೈಗಳನ್ನು ಚದುರಲು ಬಿಟ್ಟದ್ದು. ಇನ್ನೊಂದು ಸ್ವದೇಶಿ ಯುದ್ಧವಿಮಾನ ಬೆಂಗಳೂರಿನಿಂದ ಏಳಲು 2001ರವರೆಗೆ ಕಾಯಬೇಕಾಯಿತು. ಅದೇ ತೇಜಸ್. ಅದರ ನೌಕಾ ಮಾದರಿ 2020ರ ಜನವರಿಯಲ್ಲಿ ವಿಕ್ರಮಾದಿತ್ಯ ನೌಕೆಯ ಡೆಕ್ ಮೇಲೆ ಇಳಿಯಿತು. ಖುಷಿಯ ವಿಷಯವೇ. ಆದರೆ ತೇಜಸ್ ಒಳಗಿನ ಎಂಜಿನ್ ಇವತ್ತಿಗೂ ಅಮೆರಿಕದ್ದು. ಇಲ್ಲೇ ಬೆಂಗಳೂರಿನಲ್ಲಿ ಶುರುವಾದ ಕಾವೇರಿ ಎಂಜಿನ್ ಅದರೊಳಗೆ ಕೂರಲಿಲ್ಲ.

ಎಂಜಿನ್ ಕಷ್ಟ ಯಾಕೆ ಅಂದ್ರೆ, ಅದು ಒಂದು ಡ್ರಾಯಿಂಗ್ ಅಲ್ಲ. ಕೆಂಪಗೆ ಕಾದರೂ ಬಾಗದ ಲೋಹ, ಕೂದಲೆಳೆ ತಪ್ಪದ ಬ್ಲೇಡು, ಸಾವಿರಾರು ಗಂಟೆಯ ಟೆಸ್ಟಿಂಗ್, ಸೋತರೂ ದುಡ್ಡು ನಿಲ್ಲಿಸದ ಸರ್ಕಾರ, ಎಲ್ಲ ಸೇರಿದರೆ ಒಂದು ಎಂಜಿನ್. ಟ್ಯಾಂಕ್ ಮೂರು ಖಂಡಗಳಲ್ಲಿ ವಿಮಾನ ಕಟ್ಟಿದರು. ಎಲ್ಲ ಕಡೆಯೂ ಚೌಕಟ್ಟು ಅವರ ಕೈಯಲ್ಲಿತ್ತು. ಅಂಟು, ಎಂಜಿನ್, ಸರ್ಕಾರ ಇನ್ಯಾರದೋ ಕೈಯಲ್ಲಿದ್ದವು.

ಮುಂದಿನ ಸಲ ಮ್ಯೂಸಿಯಂಗೆ ಹೋದಾಗ ಮೂತಿ ಹತ್ತಿರ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಆಮೇಲೆ ಸುಮ್ಮನೆ ಒಂದು ಸುತ್ತು ಹಾಕಿ ಹಿಂದೆ ಹೋಗಿ ನಿಲ್ಲಿ. ಅಕ್ಕಪಕ್ಕ ಎರಡು ದುಂಡನೆ ಬಾಯಿಗಳಿವೆ. ಅಲ್ಲಿಂದ ಬರಬೇಕಿದ್ದ ಬೆಂಕಿ ಕೊನೆಗೂ ಬರಲಿಲ್ಲ. ಮೆಕ್ಯಾನಿಕಲ್ಲೋ, ಮೆಟೀರಿಯಲ್ಸೋ, ಕಂಪ್ಯೂಟರ್ ಸೈನ್ಸೋ, ನಿಮ್ಮ ಬ್ರಾಂಚ್ ಯಾವುದಾದರೂ ಇರಲಿ, ಆ ಖಾಲಿ ಜಾಗದಲ್ಲಿ ನಿಮಗೊಂದು ಕೆಲಸ ಇನ್ನೂ ಬಾಕಿ ಇದೆ.